ಇರುವೆ ಕಚ್ಚಿದಷ್ಟೇ ನೋವು

ಹಲೋ... ಹಾಂ, ಯಾರು ಮಾತಾಡೋದು?... ಮುಷರಫಾ? ಲಿಂಗಸುಗೂರು ಕಬಡ್ಡಿ ಟೀಮಿನ ಮುಷರಫಾ? ನಮ್ಮ ಕನಕರಾಜನ ಕಾಲು ಹಿಡಿದು ಎಳೀತಿಯಲ್ಲ, ಅವನೇ ಹೌದಲ್ಲೋ?...

ನಾನಪಾ, ಕನಕರಾಜನ ಅಜ್ಜಿ, ಜವಳಗೇರಾದ ಯಮನಮ್ಮ. ಫೋನ್ ಅವಂದೇ, ಆದ್ರ ನನ್ನ ಹತ್ರ ಐತಿ... ಯಾಕಂದ್ರ? ನನ್ನ ಖುಷಿ...

ಮಣಕಾಲಾ? ಮಣಕಾಲಿಗೇನಾಗೈತಿ, ಗಟ್ಟಿ ಐತಿ! ಸಿಂಧನೂರಾಗ ಅನುಪಮಾ ಡಾಕ್ಟರಮ್ಮ ಅವನ ರಕ್ತಾನೇ ತಗದು, ಮಿಷಿನ್ನ್ಯಾಗ ಗರಗರ ತಿರುಗಿಸಿ, ಅದರಾಗಿನ ಹಳದಿ ನೀರು ಮತ್ತ ಅವನ ಮಣಕಾಲಿಗೇ ಚುಚ್ಚಿದ್ರು. ಮಜ್ಜಿಗಿ ಕಡದು ಬೆಣ್ಣಿ ತಗದಂಗ ಅಂತ ತಿಳಕೋ...

ನೋವಾ? ಏನೂ ಇಲ್ಲಪ, ಇರುವಿ ಕಚ್ಚಿದಂಗ ಅಷ್ಟ... ಹೂಂ, ಇರುವಿ. ಕೆಂಪಿರುವಿನೂ ಅಲ್ಲ, ಕರೇ ಇರುವಿ... ಯಾಕ ಎರಡೆರಡು ಸಲ ಕೇಳ್ತಿ?...

ಬ್ಯಾರೇದವರ ರಕ್ತ ನಡಿಯಂಗಿಲ್ಲಂತ. ನಾನೂ ಕೇಳೇನಿ. ‘ಇವಂದು ತೆಳು ರಕ್ತ, ಇವನ ಸೋದರಮಾವ ಗುರುಗುಂಟಾದಾಗ ಪೈಲ್ವಾನ ಅದಾನ, ಅವಂದು ಹಾಕ್ರಿ’ ಅಂದೆ. ಡಾಕ್ಟರಮ್ಮ ನಗಕೋತ ಕುಂತ್ರು...

ಈಗಾ? ಈಗ ಜಿಂಕಿ ಆಗ್ಯಾನ! ಮುಂಜಾನಿ ಕಾಲುವಿ ತನಕ ಓಡಿ ಬಂದಾನ. ಐತಾರ ಮಸ್ಕ್ಯಾಗ ನಿಮಗೂ ನಮಗೂ ಫೈನಲ್ ಐತಲ್ಲ, ನೀವು ಹುಷಾರಿರ್ರಿ...

ಏನಂದಿ?... ನೀನೇ ಬೈಕ್ ತಗೊಂಡು ಬಂದು ಕರಕೊಂಡು ಹೋಗ್ತಿ?... ಅಲ್ಲಪ... ಕಮಿಟಿಯವರಿಗೆ ಈಗಲೇ ಹೇಳ್ತಿ? ಮೈಕಿನ್ಯಾಗ ಹೆಸರು ಕೂಗಸ್ತಿ?... ತಡಿ, ತಡಿಯೋ ನಮ್ಮಪ್ಪಾ!

ಸುಳ್ಳು ಹೇಳಿದ್ನೋ... ಹಾಂ, ಸುಳ್ಳು. ಓಡೋದೆಲ್ಲಿ ಬಂತು, ಬಚ್ಚಲಕ್ಕ ಹೋಗಾಕ ಗ್ವಾಡಿ ಹಿಡೀತಾನ. ‘ಮಾಯೂ ತನಕ ಆಡಾಕ ಇಳಿದ್ರ ಮಣಕಾಲಿನ ನಾರು ಮತ್ತ ಹರೀತೈತಿ, ಆಮ್ಯಾಲ ಕಬಡ್ಡಿ ಮಾತೇ ಬ್ಯಾಡ’ ಅಂದಾರ ಡಾಕ್ಟರಮ್ಮ. ಇವ ಕೇಳ್ತಾನೇನು? ಯಾರರ ಕರದ್ರ ಸಾಕು, ಕುಂಟಕೋತ ಹೋಗಾವ. ಅದಕ್ಕ ಫೋನ್ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟಿದ್ದೆ...

ನಿನಗ್ಯಾಕ ಸುಳ್ಳು ಹೇಳಿದ್ನಾ? ಅಲ್ಲೋ, ನಮ್ಮ ಹುಡುಗ ಕುಂಟ್ತಾನ ಅಂತ ಎದುರು ಟೀಮಿನವಗ ಯಾವ ಬಾಯಿಲೆ ಹೇಳಲಿ? ಬಡಾಯಿ ಕೊಚ್ಚಿದೆ. ಆದ್ರ ಅಂಜಿಕಿ ಬರ್ತೈತೋ. ಆಟ ಹೋದ್ರ ಅವನ ಮುಖ ನನಗ ನೋಡಾಕ ಆಗಂಗಿಲ್ಲ...

ಅದ್ಯಾರದು ನಿನ್ನ ಹಿಂದ ಕೂಗಿದ್ದು? ‘ಮುಷರಫ್ ಯಾರ್ರಿ, ರಕ್ತ ತಗಿಯಾಕ ಬರ್ರಿ’ ಅಂದಂಗಾತು... ಏ! ಎಲ್ಲಿದ್ದೀಯೋ ನೀ?... ಸಿಂಧನೂರಾಗ? ಅದೇ ದವಾಖಾನ್ಯಾಗ?... ನಿಂದೂ ಮಣಕಾಲಾ? ಅಯ್ಯ ಕಳ್ಳ! ಬೈಕ್ ತರ್ತೀನಿ ಅಂದೆಲ್ಲ, ಯಾವ ಕಾಲಿಲೆ ಕಿಕ್ ಹೊಡಿಯಾವಿದ್ದಿ?...

ಹಾಂ... ಮುಕ್ಕುಂದ ಊರಿನ ನಾಟಿ ವೈದ್ಯನ ಹತ್ರ ಎಣ್ಣಿ ಹಚ್ಚಿ ತಿಕ್ಕಿಸಿಕೊಂಡಿ? ನೋವಿನ ಗುಳಿಗಿನೂ ನುಂಗೀದಿ? ಅದನ್ನ ಡಾಕ್ಟರಮ್ಮಗ ಮೊದಲ ಹೇಳು. ನನ್ನ ಮುಂದ ಬಡಾಯಿ ಹೊಡದಂಗ ಅವರ ಮುಂದ ಹೊಡೀಬ್ಯಾಡ...

ಮುಷರಫ್, ಒಂದು ಉಪಕಾರ ಮಾಡಪ. ನಾನೂ ಐತಾರ ಆಡಂಗಿಲ್ಲ ಅಂತ ನೀನೇ ಅವಗ ಹೇಳು. ನನ್ನ ಮಾತು ಕೇಳಂಗಿಲ್ಲ ಅವ. ಕಾಲು ಹಿಡಿಯಾಕ ನೀನೇ ಇಲ್ಲಂದ್ರ ಅವಗ ಮಸ್ಕಿ ಯಾತಕ್ಕ ಬೇಕು?... ಹೇಳ್ತಿ ಹೌದಲ್ಲೋ?... ನಿನ್ನ ಬಾಯಿಗೆ ಸಕ್ಕರಿ ಹಾಕ. ಏ ಕನಕಾ, ಏಳಬ್ಯಾಡ, ಅಲ್ಲೇ ಇರು. ತಗೋ, ನಿನ್ನ ದೋಸ್ತ...

...ಕೊಡೋ ಇಲ್ಲಿ ಫೋನ್. ಮುಷರಫ್, ಏನು ಹೇಳಿದ್ಯೋ? ಕಾಲು ಮತ್ತ ದಿಂಬಿನ ಮ್ಯಾಲ ಇಟಗೊಂಡು ನಗಾಕತ್ತಾನ!... ಮುಂದಿನ ವರ್ಷ ಇಬ್ಬರೂ ಆಡಾವ್ರಾ? ಆಡ್ರಿ, ನಾನೇ ಬಂದು ಮುಂದ ಕುಂದುರ್ತೀನಿ...

ಹಾಂ, ಸೂಜಿ ತಂದ್ರಾ? ತಡಿ, ಇನ್ನೊಂದು ಸುಳ್ಳು ಉಳದೈತಿ. ಆ ಇರುವಿದು... ಇರುವಿ ಅಲ್ಲಪ ಅದು, ಚೇಳು... ಹಲೋ?... ಮುಷರಫ್?... ಹಲೋ...