ಬಿರಡೆ ಹಾಕಿದ್ದು ಯಾರು?

ಇದು ಕಟ್ಟುಕತೆಯಲ್ಲ. ನಮ್ಮ ದೊಡ್ಡಮ್ಮನ ಮಗ, ಹೊಸೂರಿನ ವೆಂಕಟಾಚಲನಿಗೆ ಆದದ್ದು. ಆಗ ಯುದ್ಧದ ಕಾಲ. ಬೆಂಗಳೂರಿಂದ ಬರುತ್ತಿದ್ದ, ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸು ದಾರಿಯಲ್ಲೇ ಕೆಟ್ಟು ಕೂತಿತು. ಉಳಿದದ್ದು ನಡಿಗೆ. ಅವಲಪಲ್ಲಿ ಬಾವಿಯ ಹತ್ತಿರ ಬರುವಾಗ ಊರೆಲ್ಲ ಮಲಗಿತ್ತು...

ವೆಂಕಟಾಚಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ. ಬಾಯಿ ತೆರೆದರೆ ಥರ್ಮೋಡೈನಮಿಕ್ಸ್. ಬಿಸಿ ತಾನಾಗಿ ತಣ್ಣನೆಯದರ ಕಡೆಗೇ ಹರಿಯುತ್ತದೆ, ತಿರುಗಿ ಎಂದೂ ಹರಿಯದು, ಅಂತ ನಮಗೂ ಪಾಠ ಹೇಳುತ್ತಿದ್ದ. ಜೊತೆಗೆ ಓದುತ್ತಿದ್ದವನು ಅವನದೇ ಬೀದಿಯ ಸುಬ್ಬರಾಮ. ಇಬ್ಬರೂ ಈಜು ಕಲಿತದ್ದು ಇದೇ ಬಾವಿಯಲ್ಲಿ. ಆ ರಾತ್ರಿಗೆ ಒಂದು ತಿಂಗಳ ಮೊದಲು ಸುಬ್ಬರಾಮ ಸತ್ತಿದ್ದ.

ಪ್ರಯೋಗಶಾಲೆಯಲ್ಲಿ ಗಾಜಿನ ಬುಡ್ಡಿ ಕಾಯಿಸುತ್ತಿದ್ದರು. ಆವಿ ಹೋಗಲು ಒಂದು ಕೊಳವೆ. ಲೆಕ್ಕ ಸರಿಬರಲಿ, ಬಿಸಿ ಚೂರೂ ಆಚೆ ಹೋಗದಿರಲಿ ಎಂದು ವೆಂಕಟಾಚಲ ಆ ಕೊಳವೆಯ ಬಾಯಿಗೇ ಬಿರಡೆ ಜಡಿದ. ಸುಬ್ಬರಾಮ ಬಗ್ಗಿ ನೋಡಿದ... ಢಮ್! ಗಾಜು ಅವನ ಕುತ್ತಿಗೆಗೆ ನೆಟ್ಟಿತು. ಮೇಜೆಲ್ಲ ರಕ್ತ. ಮೇಷ್ಟರು ಕೇಳಿದಾಗ ಇವನು, "ಅವನೇ ಹಾಕಿದ್ದು ಸಾರ್" ಎಂದುಬಿಟ್ಟ. ಸತ್ತವನು ಸಾಕ್ಷಿಗೆ ಬರುತ್ತಾನೆಯೇ? ಸುಬ್ಬರಾಮನ ತಾಯಿ ಭಾಗೀರಥಮ್ಮ, ಮಗ ತನ್ನ ಕೈಯಾರೆ ಸತ್ತ ಎಂದು ಅನ್ನ ಬಿಟ್ಟಳು.

ಆ ರಾತ್ರಿ ಇವನು ಬಾವಿ ದಾಟುವಾಗ ಒಳಗೆ ಸದ್ದು. ಬುಳುಕ್... ಬುಳುಕ್...

"ವೆಂಕಟಾ..."

ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೇ ಸಲಕ್ಕೆ ಓಗೊಡಬೇಕು. ದೆವ್ವ ಒಂದೇ ಸಲ ಕರೆಯುವುದು. ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಓದಿದವನಲ್ಲವೇ ಇವನು, ಮೊದಲ ಕರೆಗೇ "ಯಾರು?" ಎಂದ.

ಅಷ್ಟೇ. ಒದ್ದೆ ಕೈಯೊಂದು ಕಟ್ಟೆ ಹತ್ತಿ ಬಂದು ಅವನ ಬಲಗೈ ಹಿಡಿಯಿತು. ಎದೆ ಕಲ್ಲಿಗೆ ಬಡಿಯುವ ಹಾಗೆ ಎಳೆಯಿತು. ಮೈಯ ಬಿಸಿಯೆಲ್ಲ ಆ ಕೈಗೆ ಇಳಿದುಹೋಯಿತು. ಹಲ್ಲು ಕಟಕಟ... ಕೆಳಗೆ ನೀರು ಕೊತಕೊತ ಕುದಿಯತೊಡಗಿತು. ಇವನು ಹೆಣದಷ್ಟು ತಣ್ಣಗಾದ. ಆದರೂ ಇವನಿಂದಲೇ ಬಿಸಿ ಆ ಕುದಿಯುವ ನೀರಿಗೆ ಹರಿಯುತ್ತಿತ್ತು! ಓದಿದ್ದೆಲ್ಲ ತಲೆಕೆಳಗು.

"ಬಿರಡೆ ಯಾರು ಹಾಕಿದ್ದೋ?" ಬಾವಿ ಪಿಸುಗುಟ್ಟಿತು.

"ನೀನೇ ಕಣೋ..."

ಲಟಕ್. ಕಿರುಬೆರಳು ಮುರಿಯಿತು.

"ಯಾರೋ?"

"ನೀ..."

ಲಟಕ್. ಲಟಕ್.

"ನಾನು! ನಾನೇ ಕಣೋ ಹಾಕಿದ್ದು!"

"ನಂಗಲ್ಲ... ಅಮ್ಮಂಗೆ ಹೇಳು."

ಕೈ ಬಿಟ್ಟಿತು.

ಬೆಳಕು ಹರಿಯುವ ಮೊದಲೇ ಹೋಗಿ ಭಾಗೀರಥಮ್ಮನ ಬಾಗಿಲು ಬಡಿದ. ಎಲ್ಲ ಹೇಳಿದ. ಆಕೆ ಕೆನ್ನೆಗೆ ಬಾರಿಸಿದಳು, ಮತ್ತೆ ಬಾರಿಸಿದಳು, ಆಮೇಲೆ ಮಗನ ಹೆಸರು ಹಿಡಿದು ಗೋಳೋ ಎಂದು ಅತ್ತಳು. ಅವತ್ತು ಎರಡು ತುತ್ತು ಉಂಡಳು, ಪಾಪ.

ಕತ್ತಲಲ್ಲಿ ಬಿದ್ದು ಬೆರಳು ಮುರಿದುಕೊಂಡ ಅನ್ನುವವರು ಅನ್ನಲಿ, ನನಗೇನು? ಅವತ್ತು ಬೆಳಿಗ್ಗೆ ಅವಲಪಲ್ಲಿ ರಾಮಕ್ಕ ನೀರು ಸೇದಿ, ಬಿಂದಿಗೆ ಎತ್ತಿಹಾಕಿ ಕಿರುಚಿದಳು: "ಅಯ್ಯಯ್ಯೋ, ನೀರು ಸುಡ್ತೈತೆ ಕಣ್ರಪ್ಪೋ!"

ನಾನೂ ಓಡಿಹೋಗಿ ಬಗ್ಗಿ ನೋಡಿದೆ. ಈ ಕಣ್ಣಾರೆ ನೋಡಿದ್ದು. ಬಾವಿ ತುಂಬ ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆಂದಿದ್ದವು.