ಬಾಯಿ ಬಿಟ್ಟು ಹಾಡು

...ಬಾಯಿ ಬಿಟ್ಟು ಹಾಡೇ ತಾಯಿ. ಹಲ್ಲುನೋವು ಬಂದವರ ಹಾಗೆ ತುಟಿ ಬಿಗಿ ಹಿಡ್ಕೊಂಡ್ರೆ ದೇವ್ರಿಗೇನು ಕೇಳಿಸುತ್ತೆ? ಇಡೀ ಚರ್ಚು ಖಾಲಿ ಇದೆ. ನೀನು, ನಾನು, ಇಷ್ಟು ಬೆಂಚು. ಬೆಂಚು ನೋಡಿ ಯಾರಾದ್ರೂ ನಾಚ್ಕೋತಾರಾ?

ಯಾಕೆ ನಗ್ತೀಯ? ಈ ಕನ್ನಡಿ ನೋಡಿ ತಾನೆ? ನಗು, ನಗು. ಮುದುಕಿ ಆರ್ಗನ್ ಮೇಲೆ ಕನ್ನಡಿ ಇಟ್ಕೊಂಡು ಪಾದ್ರಿಗಳ ಪ್ರಸಂಗದ ಮಧ್ಯೆ ತಲೆ ಬಾಚ್ಕೋತಾಳೆ ಅಂತ ಎಲ್ರೂ ನಕ್ಕಾಗಿದೆ. ಬೆನ್ನ ಹಿಂದೆ ನಿಂತ ನಿಮ್ಮ ಬಾಯಿ ಕಾಣ್ಲಿ ಅಂತ ಇಟ್ಟಿದ್ದು ಕಣೇ. ಯಾರು ಹಾಡ್ತಿದ್ದಾರೆ, ಯಾರು ಆಕಳಿಸ್ತಿದ್ದಾರೆ, ಎಲ್ಲಾ ಗೊತ್ತಾಗುತ್ತೆ.

ಏನಂದೆ? ಈ ಕಡೆ ತಿರುಗಿ ಹೇಳು, ಗೋಡೆಗೆ ಹೇಳ್ಬೇಡ... ಓ, ಹೋದ ಭಾನುವಾರದ್ದಾ. ಹೌದಪ್ಪ, ನೀವೆಲ್ಲ ಹಾಡು ಮುಗಿಸಿ ಕೂತಾದ್ಮೇಲೂ ನಾನು ಇನ್ನೊಂದು ಚರಣ ಬಾರಿಸ್ದೆ. ಭಕ್ತಿ ಉಕ್ಕಿ ಬಂತು, ಏನ್ಮಾಡ್ಲಿ? ಕನ್ನಡಿ ಬೇರೆ ಜಾರಿತ್ತು.

ಅದಕ್ಕೇ ತಾನೆ ಪಾದ್ರಿಗಳು ನಿನ್ನ ಕರೆದಿದ್ದು? ಇನ್ಮೇಲೆ ಆರ್ಗನ್ ನೀನೇ ಬಾರಿಸು, ನಿಮ್ಮ ದೊಡ್ಡಮ್ಮನ್ಗೆ ವಯಸ್ಸಾಯ್ತು ಅಂತ. ನೀನು ಬೇಡ ಅಂದ್ಯಂತೆ. ನಿಮ್ಮಮ್ಮ ಹೇಳಿದ್ಲು. ನನ್ನ ತಂಗಿ ಬಾಯಲ್ಲಿ ಒಂದು ಮಾತು ನಿಲ್ಲುತ್ತಾ? ತಲೆ ತಗ್ಗಿಸ್ಬೇಡ, ನಂಗೇನೂ ಬೇಜಾರಿಲ್ಲ. ನಿನ್ನ ಬೆರಳು ನನ್ನ ಬೆರಳಿಗಿಂತ ಚುರುಕು. ಕಲಿಸಿದ್ದು ನಾನೇ ಅಲ್ವಾ... ಆದ್ರೆ ಈ ಸ್ಟೂಲು ಮಾತ್ರ ಕೇಳ್ಬೇಡ ಕಣೇ. ಆರು ದಿನ ಯೂನಿಫಾರ್ಮ್ ಹೊಲಿಯೋ ಮಷೀನು ತುಳೀತೀನಿ, ಹೊಟ್ಟೆಗೆ. ಏಳನೇ ದಿನ ಇದನ್ನ ತುಳೀತೀನಿ, ಯೇಸುಸ್ವಾಮಿಗೆ. ಕಾಲು ಅದೇ, ಖುಷಿ ಬೇರೆ.

ನಂಗೂ ಒಂದು ಗಂಡು ಬಂದಿತ್ತು, ಗೊತ್ತಾ? ಅಷ್ಟು ಅಗಲ ಕಣ್ಣು ಬಿಡ್ಬೇಡ, ನಿಜವಾಗ್ಲೂ ಬಂದಿತ್ತು. ಒಳ್ಳೇ ಮನುಷ್ಯ, ಬಟ್ಟೆ ಅಂಗಡಿ ಇಟ್ಟಿದ್ದ. ಭಾನುವಾರ ವ್ಯಾಪಾರ ಜೋರು, ನೀನು ಅಂಗಡೀಲಿ ಕೂರ್ಬೇಕು, ಚರ್ಚಿಗೆ ಯಾವಾಗ್ಲಾದ್ರೂ ಹೋದ್ರಾಯ್ತು ಅಂದ. ಹಾಗಾದ್ರೆ ನಿನ್ನನ್ನೂ ಯಾವಾಗ್ಲಾದ್ರೂ ಮದ್ವೆ ಆದ್ರಾಯ್ತು ಅಂದೆ... ಆಮೇಲೆ ಮನೇಗೆ ಬಂದು ದಿಂಬು ನೆನೆಯೋ ಹಾಗೆ ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೂ ಕೊಡೋದಾದ್ರೆ ಪೂರ್ತಿ ಕೊಡ್ಬೇಕು ಮಗಳೇ. ಅಳಿದುಳಿದದ್ದು ತಂದು ದೇವ್ರ ಮುಂದೆ ಇಡಬಾರ್ದು. ನಾನಂತೂ ಏನನ್ನೂ ಹಿಂದೆ ಇಟ್ಕೊಂಡಿಲ್ಲ.

ಸರಿ, ಹಾಡು. ಭಾನುವಾರ ನೀನೊಬ್ಬಳೇ ಹಾಡೋ ಆ ಎರಡನೇ ಚರಣ. ನಾನು ಬಾರಿಸಲ್ಲ, ಬರೀ ನಿನ್ನ ದನಿ ಕೇಳ್ತೀನಿ... ಹಾಂ, ಹಾಗೆ. ಈಗ ನೋಡು, ಬಾಯಿ ಎಷ್ಟು ಚೆನ್ನಾಗಿ ಬಿಡ್ತಿದ್ದೀಯ... ಅಲ್ಲಿ ಎಳಿ, ಇನ್ನೂ ಎಳಿ... ಆಹಾ, ಜೇನು ಕಣೇ ನಿನ್ನ ಗಂಟಲು. ಭಾನುವಾರ ಚರ್ಚಲ್ಲಿ ಒಬ್ರೂ ಕೆಮ್ಮಲ್ಲ, ನೋಡ್ತಿರು.

ಯಾಕೆ, ಏನಾಯ್ತು? ಹೊಗಳಿದ್ರೆ ಯಾರಾದ್ರೂ ಅಳ್ತಾರಾ? ಹೇಳೇ... ತುಟಿನೇ ಆಡಿಸ್ತಿಲ್ಲ ನೀನು. ಕೈ ಯಾಕೆ ಎಳೀತೀಯ? ನಿನ್ನ ಗಂಟಲ ಮೇಲೆ ಇಡ್ಬೇಕಾ? ಇಟ್ಟೆ, ಇಟ್ಟೆ. ಇನ್ನೊಂದು ಸಲ ಹಾಡ್ತೀಯಾ? ಹೂಂ, ಹಾಡು... ಅದೇ ಚರಣ... ಬಾಯಿ ಆಡ್ತಿದೆ...

ಗಂಟಲು ಅದುರ್ತಾನೇ ಇಲ್ವಲ್ಲೇ.

ಜೇನು ಅಂದೆನಲ್ಲ, ಆಗ್ಲೂ ಹೀಗೇನಾ? ದನಿನೇ ತೆಗೀದೆ, ಬರೀ ಬಾಯಿ ಆಡಿಸಿದ್ಯಾ?

ಕಳ್ಳಿ... ನನ್ನ ಶಿಷ್ಯೆ ತಾನೆ.

ನಿಮ್ಮಮ್ಮನ್ಗೆ ಹೇಳ್ಬೇಡ... ಇಲ್ಲ, ತಡಿ, ನಾನೇ ಹೇಳ್ತೀನಿ. ಪಾದ್ರಿಗಳಿಗೂ ನಾನೇ ಹೇಳ್ತೀನಿ. ಚಳಿಗಾಲದಿಂದ ಏನೂ ಕೇಳಿಸ್ತಿಲ್ಲ ಕಣೇ. ಮೊದ್ಲು ಸಣ್ಣ ಸದ್ದು ಹೋಯ್ತು, ಆಮೇಲೆ ಎಲ್ಲಾ ಹೋಯ್ತು. ಬೆರಳಿಗೆ ಹಾಡು ಗೊತ್ತಿದೆ, ನಿಮ್ಮ ಬಾಯಿ ನೋಡೋಕೆ ಕನ್ನಡಿ ಇದೆ, ಸಾಕು ಅಂದ್ಕೊಂಡೆ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ. ಭಯ ಕಣೇ... ಈ ಸ್ಟೂಲು ಹೋದ್ರೆ ಸ್ವಾಮಿಗೆ ಕೊಡೋಕೆ ನನ್ನ ಹತ್ರ ಇನ್ನೇನಿದೆ? ಎಲ್ಲಾ ಕೊಟ್ಟೆ ಎಲ್ಲಾ ಕೊಟ್ಟೆ ಅಂತ ಬೀಗ್ತಾ, ಇದೊಂದನ್ನ ಬಿಗಿಯಾಗಿ ಹಿಡ್ಕೊಂಡು ಕೂತಿದ್ದೆ ನೋಡು.

ಸಾಕು ಅತ್ತಿದ್ದು, ಮೂಗು ಒರೆಸ್ಕೋ. ಎದ್ದೆ ನೋಡು. ಬಾ, ಕೂತ್ಕೋ... ತಲೆ ಅಲ್ಲಾಡಿಸ್ಬೇಡ. ಈಗ್ಲೇ ಕೂರ್ದಿದ್ರೆ ನಾಳೆ ನನ್ನ ಮನಸ್ಸು ಬದಲಾಗುತ್ತೆ, ನನ್ನ ಬುದ್ಧಿ ನಂಗೆ ಗೊತ್ತಿಲ್ವಾ? ಹಾಂ, ಹಾಗೆ ಕೂತ್ಕೋ. ಎಡಗಡೆ ಪೆಡಲ್ ಸ್ವಲ್ಪ ಬಿಗಿ, ಗಟ್ಟಿಯಾಗಿ ತುಳಿ.

ಬಾರಿಸು. ತಪ್ಪಾದ್ರೆ ಆಗ್ಲಿ, ನಿಲ್ಲಿಸ್ಬೇಡ. ಬೈಯೋಕೆ ದೊಡ್ಡಮ್ಮನ್ಗೆ ಕಿವಿ ಎಲ್ಲಿದೆ?