ಒಬ್ಬರಿಗೆ ಮಾತ್ರ ಪ್ರವೇಶ

ಹೇಳ್ತೀನಿ, ಆದರೆ ಮಧ್ಯದಲ್ಲಿ ನಗಬೇಡಿ. ಇದು ಎಲ್ಲೋ ಓದಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಪ್ರಣತಿಗೆ ಆಗಿದ್ದು. ಅರ್ಧಕ್ಕರ್ಧ ನಾನೇ, ಸಿಡ್ನಿಯ ಇದೇ ಕೆಲ್ಲಿವಿಲ್ ಮನೇಲಿ, ಈ ಸೋಫಾ ಮೇಲೆ ಕೂತು ಫೋನಲ್ಲಿ ಕೇಳಿದ್ದು.

ಕೊರೋನಾದ ಮೊದಲನೇ ವರ್ಷ, ಆಗಸ್ಟ್ ತಿಂಗಳು. ಪ್ರಣತಿ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿದ್ಲು. ಸಂಜೆ ವಾಕಿಂಗ್ ಮುಗಿಸಿ ಮನೆಗೆ ವಾಪಸ್ ಬರ್ತಿದ್ಲು. ಅವರ ಮನೆಗಳ ಹಿಂದೆ ಮಳೆನೀರು ನಿಲ್ಲೋಕೆ ಅಂತ ಮಾಡಿದ ಒಂದು ಕೆರೆ ಇದೆ. ಸುತ್ತ ಜೊಂಡು. ಇಲ್ಲೆಲ್ಲ ಆಗಸ್ಟ್ ಚಳಿಗಾಲ, ಬೇಗ ಕತ್ತಲಾಗಿತ್ತು. ಎಂಟಕ್ಕೆ ಕರ್ಫ್ಯೂ, ಹಾಗಾಗಿ ಬಿರಬಿರನೆ ನಡೀತಿದ್ಲು. ಜೊಂಡಿನೊಳಗೆ ಕಪ್ಪೆಗಳು... ಟೊಂಕ್... ಟೊಂಕ್... ಸಡಿಲ ತಂತಿಯನ್ನ ಯಾರೋ ಬೆರಳಲ್ಲಿ ಮೀಟಿದ ಹಾಗೆ. ಅಲ್ಲಿಯ ಕಪ್ಪೆ ಕೂಗೋದೇ ಹಾಗೆ.

ಎದುರಿಂದ ಒಬ್ಬ ನಾಯಿ ಹಿಡ್ಕೊಂಡು ಬಂದ. ಇವಳನ್ನ ನೋಡಿ ದಾರಿ ಬಿಟ್ಟು ಹುಲ್ಲಿಗಿಳಿದ. ಆಗ ಎಲ್ಲರೂ ಹಾಗೇ ಮಾಡ್ತಿದ್ದಿದ್ದು. ಆದರೆ ನಾಯಿ ಮಾತ್ರ ಬಾಲ ಆಡಿಸ್ತಾ ಪ್ರಣತಿಯ ಪಕ್ಕಕ್ಕೆ ಬಂತು. ಪ್ರಣತಿ ಹತ್ತಿರಕ್ಕಲ್ಲ... ಪಕ್ಕಕ್ಕೆ. ಅಲ್ಲಿ ಖಾಲಿ ಜಾಗದ ಮುಂದೆ ಕೂತು, ತಲೆ ಸವರಿಸಿಕೊಳ್ಳೋ ಹಾಗೆ ಮುಖ ಎತ್ತಿತು.

ಅವನು ಹಗ್ಗ ಎಳ್ಕೊಂಡು, ಸಿಟ್ಟಿಲ್ಲದೇ ಹೇಳಿದ, "ನಿಮ್ಮ ಜೊತೆ ಇರೋರಿಗೂ ಒಂದು ಮಾಸ್ಕ್ ಹಾಕಿಸಿ. ವಯಸ್ಸಾದವರು."

ಪ್ರಣತಿ ತಿರುಗಿ ನೋಡಿದ್ಲು. ದಾರಿ. ದೀಪದ ಕಂಬ. ಅಷ್ಟೇ.

ಅವಳು ಆ ಮನೇಲಿ ಒಬ್ಬಳೇ ಇದ್ದಿದ್ದು. ಗಂಡ ಮನೋಜ್ ಮಾರ್ಚ್‌ನಲ್ಲಿ ತಂಗಿ ಮದುವೆಗೆ ಅಂತ ಚಿತ್ರದುರ್ಗಕ್ಕೆ ಹೋದವನು, ಅಲ್ಲೇ ಸಿಕ್ಕಿಹಾಕ್ಕೊಂಡಿದ್ದ. ಇವರಿಗಿನ್ನೂ ಪಿಆರ್, ಅಂದ್ರೆ ಇಲ್ಲೇ ನೆಲೆಸೋ ಪರ್ಮಿಟ್, ಆಗಿರಲಿಲ್ಲ, ಬಾರ್ಡರ್ ಮುಚ್ಚಿತ್ತು, ಒಳಗೆ ಬಿಡ್ತಿರಲಿಲ್ಲ. ಪ್ರಣತಿಗೆ ಕೆಲಸವೂ ಮನೆಯಿಂದಲೇ. ಮನೆಯಿಂದ ಐದು ಕಿಲೋಮೀಟರ್ ದಾಟೋ ಹಾಗಿಲ್ಲ, ಯಾರನ್ನೂ ಮನೆಗೆ ಕರೆಯೋ ಹಾಗಿಲ್ಲ. ಅಂಗಡಿಗೆ ಒಂದು ಮನೆಯಿಂದ ಒಬ್ಬರೇ.

ಆ ಅಂಗಡಿಯಲ್ಲೇ ಎರಡನೇ ಸಲ ಆಗಿದ್ದು.

ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಜನರನ್ನ ಎಣಿಸೋಕೆ ಒಬ್ಬ ಹುಡುಗ ನಿಂತಿರ್ತಿದ್ದ, ಪಂಜಾಬಿನವನು. ಕೈಯಲ್ಲಿ ಒತ್ತೋ ಎಣಿಕೆ ಯಂತ್ರ. ಒಬ್ಬರು ಒಳಗೆ ಹೋದರೆ ಒಂದು ಸಲ ಟಿಕ್. ಪ್ರಣತಿ ಹೋದಾಗ... ಟಿಕ್... ಟಿಕ್. ಆಮೇಲೆ ಕೈ ಅಡ್ಡ ಹಿಡಿದ.

"ದೀದೀ, ಏಕ್ ಹೀ ಅಲೌಡ್ ಹೈ. ಆಂಟೀ ಕೋ ಬಾಹರ್ ಬಿಠಾಯಿಯೇ."

ಒಬ್ಬರೇ ಅಂತೆ. ಆಂಟೀನ ಹೊರಗೆ ಕೂರಿಸಬೇಕಂತೆ.

ಇವಳು ಹಿಂದೆ ಕ್ಯೂನಲ್ಲಿದ್ದ ಯಾರನ್ನೋ ಹೇಳ್ತಿದಾನೆ ಅಂದ್ಕೊಂಡ್ಲು. ಹಿಂದೆ ಇದ್ದವನು ಟ್ರಾಲಿ ಹಿಡ್ಕೊಂಡು ದೂರದಲ್ಲಿ ನಿಂತಿದ್ದ ಗಡ್ಡದವನು. ಪ್ರಣತಿ ಜಗಳ ಆಡೋಳಲ್ಲ. ಹ್ಞೂಂ ಅಂದು ಒಳಗೆ ಹೋದ್ಲು. ಅಕ್ಕಿ, ಮೊಸರು, ಟೊಮೇಟೊ ತಗೊಂಡು ಆಚೆ ಬಂದ್ಲು. ಆ ಹುಡುಗ ಖಾಲಿ ಬೆಂಚಿನ ಕಡೆ ನೋಡ್ತಿದ್ದ. ಪಾಪ, ಚಳಿಗೆ ನಡುಗ್ತಿದ್ರು, ಬರಿಗಾಲಲ್ಲಿ ಯಾಕೆ ಕರ್ಕೊಂಡು ಬಂದ್ರಿ ಅಂತ ಹಿಂದಿಯಲ್ಲೇ ಕೇಳಿದ.

ಅವತ್ತು ರಾತ್ರಿ ನನಗೆ ಫೋನ್ ಬಂತು. ನಾನು ಸಮಾಧಾನ ಹೇಳಿದೆ. ಒಬ್ಬಳೇ ಇದೀಯ, ನಿದ್ದೆ ಇಲ್ಲ, ಏನೇನೋ ಕೇಳಿಸುತ್ತೆ ಅಂದೆ. "ಮುಖ ತೋರ್ಸು" ಅಂತ ವಿಡಿಯೋ ಹಾಕಿಸಿದೆ. ಆಗ ನಮ್ಮತ್ತೆ ಅನ್ನಪೂರ್ಣವ್ವ ಇಲ್ಲೇ ಇದ್ರು, ಮಗನ್ನ ನೋಡೋಕೆ ಅಂತ ಧಾರವಾಡದಿಂದ ಬಂದವರು ವಾಪಸ್ ಹೋಗೋಕೆ ವಿಮಾನ ಇಲ್ಲದೆ ಉಳ್ಕೊಂಡಿದ್ರು. ನನ್ನ ಪಕ್ಕ ಕೂತು ಫೋನಿಗೆ ಬಗ್ಗಿದ್ರು.

"ಏನವ್ವಾ ಪ್ರಣತಿ, ಉಂಡೆಯೇನು?"

"ಆಯ್ತು ಆಂಟಿ."

"ಹಿಂದ ಕುಂತಾರಲ್ಲ... ಅವರಿಗೆ ಹಾಕಿಯೇನು?"

ನಾನು ನೋಡಿದೆ. ಅವಳ ಹಿಂದೆ ಡೈನಿಂಗ್ ಟೇಬಲ್, ಎಳೆದಿಟ್ಟ ಒಂದು ಕುರ್ಚಿ. ಕುರ್ಚಿ ಮೇಲೆ ಯಾರೂ ಇಲ್ಲ. ನಾನು ಮೆಲ್ಲಗೆ ಅತ್ತೆಯ ಕೈ ಒತ್ತಿದೆ.

"ಯಾರು ಅತ್ತೆ?"

"ಮುದುಕಿ. ನಮ್ಮ ದೇಶದಾಕಿ ಅಲ್ಲ, ಇಲ್ಲಿಯಾಕಿ. ಥಂಡಿ ಹತ್ತೇತಿ ಆಕಿಗೆ. ಕೈ ತಿಕ್ಕೊಳ್ಳಾಕತ್ತಾಳ."

ಫೋನಲ್ಲಿ ಪ್ರಣತಿಯ ಮುಖ ನೋಡೋಕಾಗ್ಲಿಲ್ಲ ನನಗೆ. ತಿರುಗಿ ನೋಡೋ ಧೈರ್ಯ ಇಲ್ಲ, ಫೋನ್ ಇಡೋ ಧೈರ್ಯವೂ ಇಲ್ಲ. ಪಿಸುಗುಟ್ಟಿದ್ಲು. "ಊರ್ಮಿಳಕ್ಕ... ನೀವು ಬರ್ತೀರಾ?"

ನಾನು ಏನು ಮಾಡ್ಲಿ? ಹೊರಟರೂ ಅವಳ ಮನೆಯೊಳಗೆ ಕಾಲಿಡೋ ಹಾಗಿರಲಿಲ್ಲ. ಮೆಲ್ಬರ್ನ್ ಬೇರೆ ರಾಜ್ಯ, ಈ ಕಡೆ ಸಿಡ್ನಿಗೆ ವಾಪಸ್ ಬಂದರೆ ಎರಡು ವಾರ ಕ್ವಾರಂಟೈನ್ ಅಂತ ಹೋಟೆಲಲ್ಲಿ ಕೂಡಿ ಹಾಕ್ತಿದ್ರು. ನನಗೆ ಮೂರು ವರ್ಷದ ಮಗ. ಬರ್ತೀನಿ ಅಂತ ಹೇಳ್ಲಿಲ್ಲ, ಬರಲ್ಲ ಅಂತಲೂ ಹೇಳ್ಲಿಲ್ಲ. ಬೆಳಗಾಗೋ ತನಕ ಫೋನ್ ಇಡದೆ ಇದ್ದೆ, ಅಷ್ಟೇ. ಆ ಕಡೆ ಅವಳು ಉಸಿರಾಡೋದು ಕೇಳಿಸ್ತಿತ್ತು. ಮಧ್ಯೆ ಮಧ್ಯೆ ಇನ್ನೊಂದು ಸದ್ದು. ಸರ್... ತಟ್. ಸರ್... ತಟ್. ಒಂದು ಕಾಲು ಎಳೆದು ಇನ್ನೊಂದು ಊರಿದ ಹಾಗೆ. ಹೀಟರ್ ಇರಬೇಕು ಅಂತ ನಾನು ಹೇಳಿದೆ. ಹೀಟರ್ ಆಫ್ ಮಾಡಿದೀನಿ ಅಕ್ಕ ಅಂದ್ಲು.

ಆಮೇಲೆ ಪೊಲೀಸರು ಬಂದ್ರು. ಎದುರುಮನೇಲಿ ಫ್ರ್ಯಾಂಕ್ ಅಂತ ಒಬ್ಬ ಮುದುಕ ಇದ್ದ. ಅವನೇ ಕಂಪ್ಲೇಂಟ್ ಮಾಡಿದ್ದು. ಆಗ ಹಾಗಿತ್ತಲ್ಲ, ಪಕ್ಕದ ಮನೆ ಮುಂದೆ ಬೇರೆ ಕಾರು ನಿಂತರೂ ಜನ ಫೋನ್ ಮಾಡೋರು. ಒಂಟಿ ಹೆಂಗಸಿನ ಮನೇಲಿ ಇನ್ನೊಬ್ಬರು ಬಂದು ಸೇರ್ಕೊಂಡಿದಾರೆ ಅಂತ ಅವನು ಹೇಳಿದ್ದ.

ಇಬ್ಬರು ಬಂದ್ರು. ಒಬ್ಬ ವಯಸ್ಸಲ್ಲಿ ದೊಡ್ಡವನು, ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ. ಡ್ರೈವ್‌ವೇಯಲ್ಲಿ ನಿಂತೇ ಕೇಳಿದ್ರು. ಪ್ರಣತಿ ಯಾರೂ ಇಲ್ಲ ಅಂದ್ಲು. ಒಳಗೆ ನೋಡಬಹುದಾ ಅಂದ್ರು. ನೋಡಿ ಅಂದ್ಲು. ನೋಡಲಿ, ಯಾರಾದರೂ ನೋಡಿ ಹೇಳಲಿ ಅಂತ ಅವಳಿಗೂ ಇತ್ತು.

ದೊಡ್ಡವನು ಅಡಿಗೆಮನೆ, ಗರಾಜು, ಬಾತ್‌ರೂಮು ಎಲ್ಲ ನೋಡಿ, ಸರಿ, ಯಾರೂ ಇಲ್ಲ ಅಂದ. ಆ ಹುಡುಗಿ ಮಾತ್ರ ಹಿಂದಿನ ರೂಮಿಂದ ಬರಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದ್ಲು. ಮಾಸ್ಕ್ ಮೇಲೆ ಕಣ್ಣು ಮಾತ್ರ ಕಾಣ್ತಿತ್ತು. ದೊಡ್ಡವನು ಕಾರಿನ ಕಡೆ ಹೋಗೋವರೆಗೂ ಕಾದ್ಲು. ಆಮೇಲೆ ಬಹಳ ಮೆಲ್ಲಗೆ ಕೇಳಿದ್ಲು.

"ನಿಮಗೆ ಹೋಗೋಕೆ ಬೇರೆ ಜಾಗ ಇದ್ಯಾ?"

ಪ್ರಣತಿ ಅವಳನ್ನೇ ನೋಡಿದ್ಲು. ಮನೆ ಬಿಟ್ಟು ಯಾರೂ ಹೋಗಬಾರದು ಅಂತ ನೋಡ್ಕೊಳ್ಳೋಕೆ ಬಂದವಳು ಕೇಳ್ತಿದಾಳೆ.

"ಎಲ್ಲಿಗೆ ಹೋಗ್ಲಿ?"

ಹುಡುಗಿಗೂ ಅದು ಹೊಳೀತು ಅಂತ ಕಾಣುತ್ತೆ. "ಸಾರಿ" ಅಂದ್ಲು. ಹೋಗಿಬಿಟ್ಲು.

ಸೆಪ್ಟೆಂಬರ್‌ನಲ್ಲಿ ಸರ್ಕಾರ ಒಂದು ಸಡಿಲಿಕೆ ಕೊಟ್ಟಿತು. ಒಂಟಿಯಾಗಿರೋರು ಒಬ್ಬರನ್ನ ಆರಿಸ್ಕೊಂಡು, ಆ ಒಬ್ಬರನ್ನ ಮಾತ್ರ ಮನೆಗೆ ಕರೀಬಹುದು. ಪ್ರಣತಿ ಗಗನಾ ಅನ್ನೋ ಹುಡುಗೀನ ಕರೆದ್ಲು. ಅದೇ ಆಫೀಸಿನವಳು, ಹಾಸನದ ಕಡೆಯವಳು, ಹತ್ತಿರದ ಸಬರ್ಬ್‌ನಲ್ಲಿದ್ಲು. ಪ್ರಣತಿ ಎರಡು ದಿನ ಮನೆ ಗುಡಿಸಿದ್ಲಂತೆ. ಇನ್ನೊಬ್ಬರ ಪಕ್ಕ ಕೂತು ಊಟ ಮಾಡಿ ಅವಳಿಗೆ ಆರು ತಿಂಗಳಾಗಿತ್ತು.

ಗಗನಾ ಬಿಸಿಬೇಳೆಬಾತ್ ಡಬ್ಬಿ ಹಿಡ್ಕೊಂಡು ಕಾರಿಂದ ಇಳಿದ್ಲು. ಎರಡು ಹೆಜ್ಜೆ ಬಂದು ನಿಂತುಬಿಟ್ಲು.

"ಬಾರೇ" ಅಂದ್ಲು ಪ್ರಣತಿ.

"ಒಬ್ಬರೇ ಅಲ್ವಾ ರೂಲು? ನೀನು ಆಗಲೇ ಒಬ್ಬರನ್ನ ಇಟ್ಕೊಂಡಿದೀಯಲ್ಲ."

"ಯಾರೂ ಇಲ್ಲ ಗಗನಾ."

"ಕಿಟಕೀಲಿ ನಿಂತಿದಾರೆ. ನನ್ನ ನೋಡಿ ಕೈ ಎತ್ತಿದ್ರು."

ಪ್ರಣತಿ ಬೇಡ್ಕೊಂಡ್ಲು. ದೇವರಾಣೆ ಅಂದ್ಲು. ಗಗನಾಗೆ ಕೋಪ ಬರ್ಲಿಲ್ಲ, ಅದೇ ಕಷ್ಟ. ನೊಂದ್ಕೊಂಡ್ಲು. "ನನ್ನ ಮಗೂಗೆ ಉಬ್ಬಸ ಇರೋದು ನಿಂಗೊತ್ತು. ಮೊದಲೇ ಹೇಳಬಹುದಿತ್ತು" ಅಂದು ಡಬ್ಬೀನ ಲೆಟರ್‌ಬಾಕ್ಸ್ ಮೇಲಿಟ್ಟು ಕಾರು ಹತ್ತಿದ್ಲು. ಕಾರು ರಿವರ್ಸ್ ಆಗೋ ಸದ್ದು... ಬೀಪ್... ಬೀಪ್... ಬೀದಿ ತಿರುವಿನ ತನಕ ಕೇಳಿಸ್ತಿತ್ತಂತೆ.

ಅವತ್ತು ಫೋನಲ್ಲಿ ಪ್ರಣತಿ ಅಳ್ಲಿಲ್ಲ. "ಅಕ್ಕ, ಈಗ ನಂಗೆ ಭಯ ಇಲ್ಲ. ಸುಸ್ತು ಅಷ್ಟೇ. ಹೊರಗಿನೋರಿಗೆ ಕಾಣ್ತಾರೆ. ನಂಗೆ ಕಾಣೋದೂ ಇಲ್ಲ, ಬಿಟ್ಟು ಹೋಗೋದೂ ಇಲ್ಲ" ಅಂದ್ಲು.

ಆ ರಾತ್ರಿ ದೀಪ ಆರಿಸಿ, ಪ್ಯಾಸೇಜಿನಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತ್ಲು. ಆ ಸದ್ದು ಬಂತು. ಸರ್... ತಟ್. ಸರ್... ತಟ್. ಹಿಂದಿನ ರೂಮಿಂದ ಹೊರಟು, ಅವಳ ಹತ್ತಿರ ಬಂದು ನಿಂತಿತು. ಯಾರು ಅಂತ ಕನ್ನಡದಲ್ಲಿ ಕೇಳಿದ್ಲು. ಆಮೇಲೆ ಇಂಗ್ಲಿಷಲ್ಲಿ, ಏನು ಬೇಕು ನಿಮಗೆ ಅಂದ್ಲು.

ಕಿವಿ ಹತ್ತಿರ ಒಂದು ಉಸಿರು. ವಯಸ್ಸಾದ ಹೆಂಗಸಿನ ದನಿ, ಬಹಳ ಮರ್ಯಾದೆಯಿಂದ ಕೇಳಿತು, "ಈಗ ಹೊರಗೆ ಬಿಡ್ತಾರಾ?"

ಪ್ರಣತಿ ಅಂದ್ಲು, "ಇಲ್ಲ."

"ಯಾವಾಗ?"

"ಗೊತ್ತಿಲ್ಲ."

ಕುರ್ಚಿ ಎಳೆದ ಸದ್ದು. ಯಾರೋ ಕೂತರು. ಅಷ್ಟೇ ಮಾತು.

ಯಾರು ಆಕೆ, ಎಲ್ಲಿಂದ ಹಿಂಬಾಲಿಸಿಕೊಂಡು ಬಂದ್ರು... ಅದು ಇವತ್ತಿಗೂ ಗೊತ್ತಿಲ್ಲ. ಆ ಚಳಿಗಾಲದಲ್ಲಿ ಮೆಲ್ಬರ್ನ್‌ನಲ್ಲಿ ಎಷ್ಟೋ ವಯಸ್ಸಾದವರು ಬಾಗಿಲು ಹಾಕಿದ ರೂಮುಗಳಲ್ಲೇ ತೀರ್ಕೊಂಡ್ರು, ಮಕ್ಕಳನ್ನೂ ಹತ್ತಿರ ಬಿಡದೆ. ನಾನು ಅದಕ್ಕಿಂತ ಹೆಚ್ಚು ಹೇಳಲ್ಲ.

ಅವತ್ತಿಂದ ದಿನಾ ಟಿವಿಯಲ್ಲಿ ಎಷ್ಟು ಕೇಸು, ಏನು ರೂಲು ಅಂತ ಹೇಳೋದನ್ನ ಪ್ರಣತಿ ಕೇಳಿ, ಸಂಜೆ ಖಾಲಿ ಕುರ್ಚಿಯ ಕಡೆ ತಿರುಗಿ "ಇವತ್ತೂ ಇಲ್ಲ" ಅನ್ನೋಳು. ಕುರ್ಚಿ ಮೇಲೆ ಮನೋಜ್‌ನ ಶಾಲು ಹಾಕಿಟ್ಟಿದ್ಲು. ಅವಳಿಂದ ಆಗೋದು ಅಷ್ಟೇ ಇತ್ತು. ತನ್ನ ಗಂಡನ್ನೇ ಕರೆಸ್ಕೊಳ್ಳೋಕಾಗದವಳು ಆಕೆಗೆ ಏನು ಮಾಡಿಕೊಟ್ಟಾಳು?

ಅಕ್ಟೋಬರ್ ಕೊನೆಯಲ್ಲಿ ಅಂತೂ ಬಿಟ್ರು. ನಡುರಾತ್ರಿಯಿಂದ ಜನ ಹೊರಗೆ ಹೋಗಬಹುದು ಅಂತ ಆಯ್ತು. ಪ್ರಣತಿ ಹನ್ನೆರಡಾಗೋದನ್ನೇ ಕಾದ್ಲು. ಮುಂಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ್ಲು.

"ಈಗ ಹೋಗಬಹುದು" ಅಂದ್ಲು.

ಆಮೇಲೆ... ಸರ್... ತಟ್... ಮರದ ನೆಲದ ಮೇಲೆ. ಹೊಸಿಲು. ಆಚೆ ಕಾಂಕ್ರೀಟಿನ ಮೇಲೆ ಸದ್ದು ಸಣ್ಣದಾಯ್ತು. ನಿಂತುಹೋಯ್ತು.

ಪ್ರಣತಿ ಬಾಗಿಲು ಹಾಕಿ ಮಲಗಿದ್ಲು. ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತಂತೆ.

ಬೆಳಿಗ್ಗೆ ಬಿನ್ ಎಳ್ಕೊಂಡು ಆಚೆ ಬಂದಾಗ ಎದುರುಮನೆ ಫ್ರ್ಯಾಂಕ್ ರಸ್ತೆ ಮಧ್ಯಕ್ಕೆ ಬಂದು ನಿಂತಿದ್ದ. ಮಾಸ್ಕ್ ಹಾಕ್ಕೊಂಡಿದ್ದ. ಪೊಲೀಸಿಗೆ ಹೇಳಿದ್ದು ನಾನೇ, ಕ್ಷಮಿಸು ಅಂದ. ರಾತ್ರಿ ನಿನ್ನ ಮನೆಯ ಆಕೆ ಹೋಗೋದನ್ನ ಕಿಟಕಿಯಿಂದ ನೋಡಿದೆ, ಶಾಲು ಹೊದ್ಕೊಂಡಿದ್ರು ಅಂದ.

ಪ್ರಣತಿ ಆಯ್ತು ಅಂದು ಒಳಗೆ ಹೋಗೋಕೆ ಹೊರಟ್ಲು. ಅವನು ಹೋಗ್ಲಿಲ್ಲ. ಇನ್ನೂ ಏನೋ ಕೇಳಬೇಕಿತ್ತು ಅವನಿಗೆ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಮಾರನೇ ವರ್ಷ ಪ್ರಣತಿಯ ಸಾಮಾನು ಸಾಗಿಸೋಕೆ ನಾನೂ ಅಲ್ಲಿಗೆ ಹೋಗಿದ್ದೆ, ಫ್ರ್ಯಾಂಕ್‌ನ ಬಾಯಿಂದಲೇ ಕೇಳಿದೀನಿ. ಅವನು ಕುಡಿಯೋನಲ್ಲ. ಹೆಚ್ಚು ಮಾತಾಡೋನೂ ಅಲ್ಲ. ನನಗೂ ಅದನ್ನೇ ಹೇಳಿದ, ಅದೇ ಮಾತಲ್ಲಿ.

ಆಕೆ ಒಬ್ಬಳೇ ಹೋಗ್ಲಿಲ್ಲವಂತೆ. ಮೂಲೆಮನೆಯಿಂದ ಇಬ್ಬರು ಇಳಿದರು. ಆ ಕಡೆ ಮನೆಯಿಂದ ಒಬ್ಬ ಗಂಡಸು. ಬೀದಿಯುದ್ದಕ್ಕೂ ಬಾಗಿಲುಗಳು ಹಾಕೇ ಇದ್ದವು, ಆದರೂ ಬಂದರು. ಒಬ್ಬರಿಗೊಬ್ಬರು ಸರಿಯಾಗಿ ದೂರ ಬಿಟ್ಕೊಂಡು, ಸಾಲಾಗಿ, ಸಮುದ್ರದ ಕಡೆ ನಡೆದುಹೋದರು.

"ನನ್ನ ಮನೆಯಿಂದಲೂ ಒಬ್ಬರು ಹೋದರು" ಅಂದ ಫ್ರ್ಯಾಂಕ್. "ಯಾರದು? ನಾನು ಇಲ್ಲಿ ಒಬ್ಬನೇ ಇರೋದು."